ಅನ್ನ ಕಾಣಬೇಕಾದರೆ ಬಾಳೆಲೆ ಹಾಕಿ

ನನಗೀಗ 74. ಕಣ್ಣಿನ ನಟ್ಟನಡುವೆ ಒಂದು ಮಸುಕು ಬಂದು ಕೂತಿದೆ. ಅಕ್ಕಪಕ್ಕದ್ದು ಕಾಣುತ್ತದೆ, ಎದುರಿಗಿರುವುದೇ ಕಾಣುವುದಿಲ್ಲ. ಮ್ಯಾಕುಲಾ, ಅಂದರೆ ಕಣ್ಣಿನ ಒಳಪರದೆಯ ನಡುಭಾಗ, ಸವೆದಿದೆ, ಕನ್ನಡಕ ಬದಲಿಸಿದರೆ ಸರಿಹೋಗುವಂಥದ್ದಲ್ಲ ಎಂದರು ಡಾಕ್ಟರು. ಸಕಲೇಶಪುರದ ಕಡೆ ಮಳೆ ಹಿಡಿದರೆ ಹಗಲಲ್ಲೇ ಕತ್ತಲು ಅಲ್ವಾ? ಬೆಳಕು ಸಾಲದು ಅಂದುಕೊಂಡು ಆರು ತಿಂಗಳು ಸುಮ್ನೆ ಬಲ್ಬ್ ಬದಲಿಸಿದ್ದೇ ಬಂತು. ಬೆಳಕು ಬೇಕು, ನಿಜ. ಆದರೆ ಒಂದರ ಮೇಲೆ ಇನ್ನೊಂದು ಬೇರೆ ಬಣ್ಣದ್ದಾಗಿರಬೇಕು, ಅದು ಇನ್ನೂ ಮುಖ್ಯ.

ಇದು ಗೊತ್ತಾದದ್ದು ಒಂದು ಗೃಹಪ್ರವೇಶದ ಊಟದಲ್ಲಿ. ಮನೆಯ ಸ್ಟೀಲ್ ತಟ್ಟೆಯಲ್ಲಿ ಅನ್ನ ಎಷ್ಟು ಉಳಿದಿದೆ ಎಂದು ಬೆರಳಲ್ಲಿ ತಡಕುತ್ತಿದ್ದವಳು, ಅವತ್ತು ಬಾಳೆಲೆಯ ಮೇಲೆ ಅನ್ನದ ಒಂದೊಂದು ಅಗುಳೂ ಬಿಡದೆ ಉಂಡೆ. ಹಸಿರಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಹಿತ್ತಲಲ್ಲಿ ಬಾಳೆ ಇದ್ದೇ ಇದೆ, ಈಗ ತಟ್ಟೆಗೆ ಒಂದು ತುಂಡು ಎಲೆ ಹಾಕಿಕೊಳ್ಳುತ್ತೇನೆ. ಅಕ್ಕಿ ರೊಟ್ಟಿಗೂ ಕಡುಬಿಗೂ ಅದೇ. ಮುದ್ದೆಗೆ ಎಲೆ ಬೇಡ, ಸ್ಟೀಲ್ ತಟ್ಟೆಯಲ್ಲಿ ಅದು ಕಪ್ಪಗೆ ಕಾಣುತ್ತದೆ. ಕಾಫಿಗೆ ಒಳಗೆ ಬಿಳಿ ಇರುವ ಲೋಟ, ಮಜ್ಜಿಗೆಗೆ ಗಾಢ ಬಣ್ಣದ್ದು. ಬಗ್ಗಿಸುವಾಗ ಕಿವಿ ಕೊಡಿ, ತುಂಬುತ್ತಾ ಬಂದಂತೆ ಸದ್ದು ಬದಲಾಗುತ್ತದೆ. ಬಿಸಿಯದ್ದನ್ನು ಮಾತ್ರ ಲೋಟ ಕೈಯಲ್ಲಿ ಹಿಡಿದು ಬಗ್ಗಿಸಬೇಡಿ, ಲೋಟ ಕಟ್ಟೆಯ ಮೇಲಿಟ್ಟೇ ಬಗ್ಗಿಸಿ.

ನಮ್ಮದು ರೆಡ್ ಆಕ್ಸೈಡ್ ನೆಲ, ಮೆಟ್ಟಿಲೂ ಅದೇ ಕೆಂಪು. ಹೋದ ವರ್ಷ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟೆ, ಇನ್ನೊಂದಿತ್ತು. ಮೂರು ವಾರ ಮಂಡಿ ಮಡಚಲು ಆಗಲಿಲ್ಲ. ಆಮೇಲೆ ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಬಿಳಿ ಪೇಂಟ್ ಬಳಿಸಿದೆವು. ಮನೆಯ ಅಂದ ಕೆಟ್ಟಿತು ಎಂದವರೂ ಇದ್ದಾರೆ. ಅವರು ಬಿದ್ದಿಲ್ಲ.

ಮಾತ್ರೆ ಬಾಟಲಿ ಬೆಳಗಿನದಕ್ಕೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು.

ನೋಟಿನ ಅಂಚಿನಲ್ಲಿ ಉಬ್ಬು ಗೆರೆಗಳಿವೆ. 100ಕ್ಕೆ ನಾಲ್ಕು, 500ಕ್ಕೆ ಐದು. 200ಕ್ಕೂ ನಾಲ್ಕೇ, ನಡುವೆ ಎರಡು ಸಣ್ಣ ವೃತ್ತ. ಆದರೆ ಸಂತೆಯಲ್ಲಿ ಕೈಬದಲಾಗಿ ಸವೆದ ನೋಟಿನಲ್ಲಿ ಇದು ಬೆರಳಿಗೆ ಸಿಗುವುದಿಲ್ಲ. ನಾನು 500ನ್ನು ಎರಡು ಮಡಿಕೆ, 100ನ್ನು ಒಂದು ಮಡಿಕೆ ಮಾಡಿಡುತ್ತೇನೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಎಂಬ ಆ್ಯಪ್ ನೋಟು ತೋರಿಸಿದರೆ ಎಷ್ಟರದ್ದು ಎಂದು ಹೇಳುತ್ತದೆ. ಮೊಮ್ಮಗ ಹಾಕಿಕೊಟ್ಟಿದ್ದಾನೆ.

ನನ್ನ ಥರ ನಡುವೆ ಮಸುಕಿದ್ದರೆ, ಎದುರು ಕೂತವರ ಮುಖ ನೋಡಬೇಡಿ, ಭುಜ ನೋಡಿ. ಆಗ ಮುಖ ಸ್ವಲ್ಪ ಕಾಣಿಸುತ್ತದೆ. ಅಭ್ಯಾಸ ಆಗಲು ಸುಮಾರು ದಿನ ಬೇಕು. ಅಲ್ಲಿಯವರೆಗೆ ಜನ ತಿರುಗಿ ತಿರುಗಿ ತಮ್ಮ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾರೆ.

ಇನ್ನು ಮನೆಯವರಿಗೆ ಒಂದು ಮಾತು: ಇಟ್ಟದ್ದು ಇಟ್ಟಲ್ಲೇ ಇರಲಿ. ನನ್ನ ಉಪ್ಪು ಮಣ್ಣಿನ ಕುಡಿಕೆಯಲ್ಲಿ, ಸಕ್ಕರೆ ಸ್ಟೀಲ್ ಡಬ್ಬಿಯಲ್ಲಿ. ಮುಟ್ಟಿದರೆ ಗೊತ್ತಾಗುತ್ತಿತ್ತು. ದಸರೆಗೆ ಸೊಸೆ ಅಡುಗೆಮನೆ ಪೂರ್ತಿ ತೊಳೆದು, "ಎಲ್ಲಾ ಒಂದೇ ಥರದ ಡಬ್ಬಿ ತಂದು ಜೋಡಿಸಿದ್ದೀನಿ ಅತ್ತೆ, ಎಷ್ಟು ಚೆನ್ನಾಗಿದೆ ನೋಡಿ" ಎಂದಳು. ಪಾಪ, ಪ್ರೀತಿಯಿಂದಲೇ. ಅವತ್ತು ಸಂಜೆ ಕಾಫಿ ನಾನೇ ಮಾಡಿದೆ. ಮಗ ಒಂದು ಗುಟುಕು ಕುಡಿದು, ಏನೂ ಹೇಳದೆ ಲೋಟ ಕೆಳಗಿಟ್ಟ. ಮಾರನೇ ಬೆಳಗ್ಗೆ ಕುಡಿಕೆ ಒಲೆಯ ಬಲಗಡೆ ಅದರ ಜಾಗದಲ್ಲೇ ಇತ್ತು.