ಕೊಡಗಿನ ಹವೆಯಲ್ಲಿ ಬಿಲ್ಲಿಗೆ ನರ ಅಂಟಿಸಿದ್ದು

ಉದ್ದದ ಬಿಲ್ಲಿಗೆ ನರ (ಮಾಂಸವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸ ಜಾಸ್ತಿ. ತಡಸಲು ಮರ ಸಿಕ್ಕಿದರೆ ಐದೂವರೆ ಅಡಿ ಉದ್ದ ಇಟ್ಟುಕೊಂಡು, ಬೆನ್ನಿನ, ಅಂದರೆ ಗುರಿಯ ಕಡೆಗಿರುವ ಮೈಯ, ನಾರು ಕಡಿಯದ ಹಾಗೆ ಕೆತ್ತಿದರೆ ಸಾಕು. ಕೊಡಲಿ ಕಾವಿಗೆ ಹುಡುಕಿ ತರುವ ಮರ ಅದು. ಚೆನ್ನಾಗಿ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಕೊಂಬೆಯೊಂದು ಇತ್ತು. ನನಗೆ ಬೇಕಿದ್ದದ್ದು 50 ಇಂಚಿನೊಳಗಿನ ಗಿಡ್ಡ ಬಿಲ್ಲು. ಕಾಫಿ ಗಿಡಗಳ ನಡುವೆ ನಿಂತು ಗುರಿಗೆ ಹೊಡೆಯುವಾಗ ಉದ್ದದ್ದು ಕೊಂಬೆಗೆ ತಗಲುತ್ತದೆ.

ಗಿಡ್ಡ ಬಿಲ್ಲನ್ನು ಪೂರ್ತಿ ಎಳೆದರೆ ಬೆನ್ನು ಸೀಳುತ್ತದೆ. ಮರ ಹೆಚ್ಚುಕಮ್ಮಿ ನೂರಕ್ಕೆ 1 ಪಾಲು ಹಿಗ್ಗುವಷ್ಟರಲ್ಲಿ ಸೋಲುತ್ತದೆ. ನರ ಅದರ ಎಷ್ಟೋ ಪಟ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ. ಅದಕ್ಕೇ ಬೆನ್ನಿಗೆ ನರ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಕೋವಿಯಲ್ಲಿ ಗುಂಡು ಹೊಡೆಯುವ ಊರಿದು. ಬಿಲ್ಲಿಗೆ ಮೇಕೆ ನರ ಬೇಕು ಅಂದಾಗ ಮಟನ್ ಅಂಗಡಿಯವರು ನಕ್ಕರು, ಆದರೆ ಎತ್ತಿಟ್ಟುಕೊಟ್ಟರು. ಹಿಂಗಾಲಿನ ಹಿಮ್ಮಡಿ ನರ, ಜೊತೆಗೆ ಬೆನ್ನೆಲುಬಿನ ಪಕ್ಕದ ಮಾಂಸದ ಮೇಲಿನ ಬೆಳ್ಳಿ ಬಣ್ಣದ ಪಟ್ಟಿ. ಹೊರದೇಶದವರು ಜಿಂಕೆ ನರ ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಆ ಮಾತು ಬೇಡ. ಕೆಲವು ಕಡೆ ಮೇಲುಹೊದಿಕೆಗೆ ಹಾವಿನ ಚರ್ಮ ಹಾಕುತ್ತಾರೆ, ಅದೂ ಬೇಡ.

ನರವನ್ನು ಸೋಪು ನೀರಲ್ಲಿ ತೊಳೆದು, ಜಿಡ್ಡು ತೆಗೆದು, ಕೊಂಬಿನ ಹಾಗೆ ಗಟ್ಟಿಯಾಗುವವರೆಗೆ ಒಣಗಿಸಿದೆ. ಆಮೇಲೆ ನುಣುಪು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಜಜ್ಜಿದೆ. ಕಬ್ಬಿಣದ ಸುತ್ತಿಗೆ ಬೇಡ, ಎಳೆ ಕತ್ತರಿಸಿಹೋಗುತ್ತದೆ. ಹಳದಿ ಕಡ್ಡಿ ಮೆಲ್ಲಗೆ ಬಿಳಿಯಾಗುತ್ತದೆ, ಉಗುರಲ್ಲಿ ಸೀಳಿದರೆ ನೂಲು ನೂಲಾಗಿ ಬಿಡುತ್ತದೆ. ಬಾಚಣಿಗೆಯಲ್ಲಿ ಬಾಚಿ, ಉದ್ದದ್ದು ಬೇರೆ, ಗಿಡ್ಡದ್ದು ಬೇರೆ ಕಂತೆ ಕಟ್ಟಿದೆ. ಬೇಸರದ ಕೆಲಸ, ರೇಡಿಯೋ ಹಾಕಿಕೊಂಡು ಕೂರಬೇಕು.

ಅಂಟು ಮರವಜ್ರವೇ ಆಗಬೇಕು, ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡುವ ಹಳೇ ಬಡಗಿ ಅಂಟು. ಫೆವಿಕಾಲ್ ಸಾಲದೇ ಅಂತ ತುಂಬಾ ಜನ ಕೇಳಿದರು. ಮರವಜ್ರ ಒಣಗುವಾಗ ನರದ ಜೊತೆಗೇ ಕುಗ್ಗುತ್ತದೆ. ಆ ಎಳೆತಕ್ಕೇ ಬಿಲ್ಲಿನ ತುದಿಗಳು ಮುಂದಕ್ಕೆ ಬಾಗುವುದು. ಹರಳನ್ನು ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದೆ. ಶಾಖ 60 ಡಿಗ್ರಿ ಆಸುಪಾಸು. ಕುದಿಸಿದರೆ ಅಂಟಿನ ಬಲ ಹೋಗುತ್ತದೆ.

ಬಿಲ್ಲಿನ ಬೆನ್ನನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಗೀರಿ, ವಾಷಿಂಗ್ ಸೋಡಾ ನೀರಲ್ಲಿ ಉಜ್ಜಿ ಒಣಗಿಸಿದೆ. ಇದಾದ ಮೇಲೆ ಬರಿಗೈಲಿ ಬೆನ್ನು ಮುಟ್ಟಬಾರದು, ಕೈ ಜಿಡ್ಡು ಸಾಕು ಅಂಟು ಬಿಡೋಕೆ. ತೆಳು ಅಂಟನ್ನು ಮರ ಕುಡಿಯುವಷ್ಟು ಹಚ್ಚಿ ಆರಲು ಬಿಟ್ಟೆ. ಆಮೇಲೆ ಒಂದೊಂದೇ ಕಂತೆಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಹಿಂಡಿ, ನಡುಗೆರೆಯಿಂದ ಶುರು ಮಾಡಿ ಚಪ್ಪಟೆಯಾಗಿ ಮಲಗಿಸುತ್ತಾ ಹೋದೆ. ಮೇಕೆ ನರ ಗಿಡ್ಡ, ಹಾಗಾಗಿ ಇಟ್ಟಿಗೆ ಗೋಡೆಯ ಹಾಗೆ ಒಂದು ಸಾಲಿನ ಸಂದು ಪಕ್ಕದ ಸಾಲಿನ ಸಂದಿಗೆ ಎದುರಾಗಬಾರದು. ಮೊದಲ ಪದರ ಗಟ್ಟಿಯಾದ ಮೇಲೆ ಎರಡನೆಯದು. ಮೂರನೆಯದು ಹಾಕಲಿಲ್ಲ, ಸುಮ್ನೆ ತೂಕ ಏರಿ ಬಾಣದ ವೇಗ ಇಳಿಯುತ್ತದೆ.

ನಮ್ಮ ಕಡೆ ನಿಜವಾದ ಕಷ್ಟ ಒಣಗಿಸುವುದರಲ್ಲಿದೆ. ನರಕ್ಕೂ ಮರವಜ್ರಕ್ಕೂ ತೇವ ಅಂದರೆ ಪ್ರಾಣ, ಗಾಳಿಯಿಂದಲೇ ಹೀರಿಕೊಳ್ಳುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಹಿಂದೆ ಭಾರತದಲ್ಲಿ ಉಕ್ಕಿನ ಬಿಲ್ಲನ್ನೂ ಮಾಡುತ್ತಿದ್ದರು. ಹವೆಗೆ ಕೆಡದೆ ಶಸ್ತ್ರಾಗಾರದಲ್ಲಿ ಉಳಿಯುತ್ತದೆ ಅನ್ನುವುದು ಅದರ ದೊಡ್ಡ ಅನುಕೂಲ. ನನ್ನ ಲೆಕ್ಕ ಕಾಫಿಯ ಲೆಕ್ಕವೇ. ಡಿಸೆಂಬರಿನಲ್ಲಿ ಕಣಕ್ಕೆ ಹಣ್ಣು ಬೀಳುವಾಗ ನರ ಅಂಟಿಸಬೇಕು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲು ಒಣಗಿರಬೇಕು. ಕಣದ ಬಿಸಿಲಿಗೆ ಮಾತ್ರ ಇಡಬೇಡಿ, ಒಮ್ಮೆಲೇ ಒಣಗಿದರೆ ನರ ಅಂಚಿನಲ್ಲಿ ಏಳುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿದೆ. ಆಗಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಂಡೆ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಬಣ್ಣ ನೋಡಿ ನಂಬಬೇಡಿ. ಮೇಲೆ ಜೇನಿನ ಬಣ್ಣಕ್ಕೆ ತಿರುಗಿದ್ದರೂ ಒಳಗೆ ಹಸಿ ಇರುತ್ತದೆ. ಆ ಹೊತ್ತಿಗೆ ಹೆದೆ ಏರಿಸಿ ಎಳೆದರೆ ಬಿಲ್ಲು ಮೆತ್ತಗಾಗಿ ಹಾಗೇ ಉಳಿಯುತ್ತದೆ.

ಪೂರ್ತಿ ಒಣಗಿದ ಮೇಲೆ ಉಬ್ಬುತಗ್ಗನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿದೆ. ಎರಡೂ ತೋಳು ಸಮ ಬಾಗಲು ಹೊಟ್ಟೆಯ, ಅಂದರೆ ಹೊಡೆಯುವವರ ಕಡೆಗಿರುವ ಮೈಯಿಂದಷ್ಟೇ ಮರ ಹೆರೆದೆ, ಬೆನ್ನಿಗೆ ಕೈ ಹಾಕಲಿಲ್ಲ. ತುದಿಗಳಿಗೂ ಹಿಡಿಯ ಎರಡು ಪಕ್ಕಕ್ಕೂ ರೇಷ್ಮೆ ನೂಲು ಸುತ್ತಿ ಅಂಟು ಹಚ್ಚಿದೆ. ಬೆನ್ನಿಗೆ ತೆಳು ಮೇಕೆ ಚರ್ಮ. ಅದರ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ತೆಳ್ಳಗೆ, ಹಲವು ಸಲ. ಕೊನೆಗೆ ಜೇನುಮೇಣ.

ಇಷ್ಟಾದರೂ ಅರಗು ತೇವವನ್ನು ತಡಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಜೂನ್ ಬಂದರೆ ಹೆದೆ ಇಳಿಸಿ, ಬಟ್ಟೆಗೆ ಬೂಷ್ಟು ಬಾರದಿರಲಿ ಅಂತ ಬಲ್ಬ್ ಉರಿಸುವ ಬೀರುವಿನಲ್ಲೇ ಇಡುತ್ತೇನೆ, ಬಲ್ಬಿನಿಂದ ದೂರದ ಮೂಲೆಗೆ. ಮಳೆಗಾಲದಲ್ಲಿ ಹೊಡೆಯಲೇಬೇಕು ಅನ್ನಿಸಿದರೆ ಬಿದಿರಿನ ಬಿಲ್ಲು ಇದೆ, ನೆಂದರೂ ಅಷ್ಟು ಬೇಜಾರಿಲ್ಲ.