ಪಡುವಣಕ್ಕೆ ಮುಖ ಮಾಡಿದ ಕೋಳಿಜಾಲರಿ

1975ರ ಆಗಸ್ಟ್ 1ರಂದು ನಮ್ಮ ಶಾಲೆಯಲ್ಲಿ ಟೀವಿ ಶುರುವಾಯಿತು. ಊರು ಗುಲಬರ್ಗಾ ಜಿಲ್ಲೆಯದು. ನಾನು ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಕೀಲಿಕೈ ನನ್ನ ಕೈಗೆ ಬಂತು, ಜೊತೆಗೆ ಪೂರ್ತಿ ಒಂದು ವರ್ಷದ ಜವಾಬ್ದಾರಿಯೂ.

ಅದು 'ಸೈಟ್', ಅಂದರೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ಪಾಠ ತಲುಪಿಸುವ ಪ್ರಯೋಗ. ಅಮೆರಿಕದಿಂದ ಒಂದು ವರ್ಷಕ್ಕೆಂದು ಸಿಕ್ಕ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಶಾಲೆಯ ಹಿಂದೆ ಹತ್ತಡಿ ಅಗಲದ ಬುಟ್ಟಿಯಂಥ ಆಂಟೆನಾ ನಿಲ್ಲಿಸಿದರು. ಬುಟ್ಟಿಗೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಜಾಲರಿಯೇ! ಉಪಗ್ರಹ ಆಫ್ರಿಕಾದ ನೆತ್ತಿಯ ಮೇಲೆ ನಿಂತಿದ್ದರಿಂದ ಬುಟ್ಟಿಯ ಮುಖ ಪಡುವಣಕ್ಕೆ. ಅದರ ಮೇಲೆ ಯಾರೂ ಧೋತರ ಒಣಹಾಕದಂತೆ ಕಾಯುವುದೇ ನನ್ನ ಮೊದಲ ತಾಂತ್ರಿಕ ಕೆಲಸ.

ಸೆಟ್ಟಿನ ಕೆಲಸ ನಿಜವಾಗಿ ಮಂದಿಯ ಕೆಲಸ. ಮೊದಲ ವಾರ ಊರಿಗೆ ಊರೇ ಬಂತು. ಮುಂದೆ ಕೂತ ದೊಡ್ಡ ಪಟಗದವರಿಂದ ಹಿಂದಿನವರಿಗೆ ಏನೂ ಕಾಣದು. ಕೆಲವು ಓಣಿಯವರು ಅಂಗಳದ ಅಂಚಿನಲ್ಲೇ ನಿಂತು ನೋಡುತ್ತಿದ್ದರು. ಅವರನ್ನು ಒಳಗೆ ಕರೆದ ದಿನ ಒಬ್ಬಿಬ್ಬರು ಎದ್ದು ಮನೆಗೆ ಹೋದರು. ನಾನು ಎದ್ದವರನ್ನು ಕರೆಯಲಿಲ್ಲ. ನಾಲ್ಕು ದಿನ ಬಿಟ್ಟು ಅವರೇ ಬಂದರು. ಹೆಣ್ಮಕ್ಕಳಿಗೆ ಗೋಡೆಯ ಪಕ್ಕ ಬೇರೆ ಜಾಗ ಗೆರೆ ಎಳೆದು ಕೊಟ್ಟ ಮೇಲೆಯೇ ಅವರು ಬರತೊಡಗಿದ್ದು, ಅದೂ ರೊಟ್ಟಿ ಬಡಿದು ಮುಗಿಸಿ. ಮಳೆ ಬಂದರೆ ಎಲ್ಲರೂ ಒಳಗೆ. ಕರೆಂಟು ಹೋದರೆ ತಪ್ಪು ಮಾತ್ರ ನನ್ನದು.

ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲಿ 22.5 ನಿಮಿಷ. ಆ ಅರ್ಧ ನಿಮಿಷದ ಲೆಕ್ಕ ಇಂದಿಗೂ ನಗು ತರಿಸುತ್ತದೆ. ಆದರೆ ಮುಗಿದ ಕೂಡಲೇ ಸೆಟ್ಟು ಆರಿಸಿ, 'ಈಗ ನೀವು ಮಾಡಿ ತೋರಸ್ರಿ' ಅಂದಾಗಲೇ ಪಾಠ ಆಗುತ್ತಿತ್ತು. ಸುಮ್ಮನೆ ನೋಡಿ ಎದ್ದ ದಿನ ಏನೂ ಉಳಿಯುತ್ತಿರಲಿಲ್ಲ.

ಸಂಜೆಯದು ಬೇರೆ ಕಥೆ. ಎಲ್ಲ ರಾಜ್ಯಗಳಿಗೂ ಒಂದೇ ಆದ ಹಿಂದಿ ಕಾರ್ಯಕ್ರಮದ ಅರ್ಧ ಗಂಟೆಗೆ ಗಂಡಸರು ಬೀಡಿಗೆ ಏಳುತ್ತಿದ್ದರು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಒಂದು ದಿನ ಭತ್ತದ ಗದ್ದೆ ತೋರಿಸಿದರು. ನಮ್ಮದು ಜೋಳ, ತೊಗರಿಯ ಎರೆಭೂಮಿ. ಮುಂದೆ ಕೂತಿದ್ದ ಮುದುಕಿಯೊಬ್ಬಳು, 'ಮಾಸ್ತರ, ಅದು ನೀರಿದ್ದವರ ಮಾತು. ನಮ್ಮ ತೊಗರಿ ಹುಳದ್ದು ಯಾವಾಗ ಹೇಳ್ತಾರ?' ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನದಿಂದ ಗ್ರಾಮಸೇವಕರನ್ನು ಬೇಡಿಕೊಂಡು ಕರೆದು, ಪ್ರಸಾರ ಮುಗಿದ ಮೇಲೆ ಹತ್ತು ನಿಮಿಷ ಕೂರಿಸುತ್ತಿದ್ದೆ. ಅವರು ಬಂದ ಸಂಜೆ ಮಂದಿ ಎದ್ದು ಹೋಗುತ್ತಿರಲಿಲ್ಲ. ಮೂರು ತಿಂಗಳಿಗೆ ಇಡೀ ಊರು ಹೋಗಿ ಎಂಬತ್ತು ಜನ ಉಳಿದರು. ನನಗೆ ಅಷ್ಟೇ ಸಾಕಿತ್ತು, ಎಂಬತ್ತು ಜನರ ಹತ್ತಿರ ಮಾತಾಡಬಹುದು.

1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ಹಿಂದಕ್ಕೆ ಹೋಯಿತು. ಮುಂದೆ ಸುಮಾರು ಒಂದು ವರ್ಷ ಸೆಟ್ಟು ಪೆಟ್ಟಿಗೆಯಲ್ಲೇ. 'ಯಾವಾಗ ಹಚ್ತೀರಿ ಸರ?' ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಯಿತು.

1977ರಲ್ಲಿ ಗುಲಬರ್ಗಾಕ್ಕೇ ಟೀವಿ ಟವರು ಬಂತು. ಇನ್ನು ಬುಟ್ಟಿ ಬೇಡ, ಕೊಳವೆಗಳ ಸಣ್ಣ ಆಂಟೆನಾ ಸಾಕು. ಅದನ್ನು ಕಂಬಕ್ಕೆ ಕಟ್ಟಿ ಮೂಡಣಕ್ಕೆ ತಿರುಗಿಸುತ್ತಿದ್ದಾಗ ಅದೇ ಮುದುಕಿ ಬಂದು ನಿಂತಳು.

'ಮಾಸ್ತರ, ಮಕ ಉಲ್ಟಾ ಮಾಡೀರಲ್ಲ?'

'ಟವರು ಈಗ ಗುಲಬರ್ಗಾದಾಗೇ ಅದ, ಅವ್ವ.'

'ಅಷ್ಟು ಹತ್ತಿರ ಬಂದಾರ?' ಎಂದು ಸೆರಗು ಸರಿಮಾಡಿಕೊಂಡು, 'ಹಂಗಾದ್ರ ತೊಗರಿದು ಕೇಳಿಬಿಡ್ರಿ' ಎಂದಳು.