ಮಾರಿಷಸ್‌ಗೆ ಬರುವ ಕನ್ನಡಿಗರೇ, ‘ಕೂಲಿ’ ಅನ್ನುವ ಮಾತನ್ನು ಊರಲ್ಲೇ ಬಿಟ್ಟು ಬನ್ನಿ

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕೆಲಸದ ಪರ್ಮಿಟ್ಟನ್ನು ಸಾಮಾನ್ಯವಾಗಿ ಕಂಪನಿಯವರೇ ನೋಡಿಕೊಳ್ಳುತ್ತಾರೆ, ಮದುವೆ ಮತ್ತು ಜನನ ಪ್ರಮಾಣಪತ್ರಗಳ ಮೂಲ ಪ್ರತಿ ಕೈಲಿರಲಿ. ಗಾಡಿ ನಮ್ಮ ಹಾಗೆ ಎಡಗಡೆಯೇ ಓಡುತ್ತದೆ. ಸಮಯ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಚಂಡಮಾರುತದ 3ನೇ ದರ್ಜೆಯ ಎಚ್ಚರಿಕೆ ಬಂದರೆ ಮನೆ ಸೇರಿಬಿಡಿ. ಇದೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರೂ ಹೇಳದ್ದನ್ನು ಹೇಳೋಣ ಅಂತ ಕೂತಿದ್ದೇನೆ.

ನಾನು ಬಂದು 14 ವರ್ಷವಾಯಿತು. ಎರಡನೇ ವರ್ಷ ನಡೆದದ್ದು ಇದು. ಸಂಜೆ ಪಕ್ಕದ ಮನೆಯ ಅಜ್ಜಿ ನಮ್ಮ ವರಾಂಡದಲ್ಲಿ ಕೂತಿದ್ದರು. ಬಿಸಿ ಗಾತೊ ಪಿಮಾ ತಂದಿದ್ದರು, ಹೆಚ್ಚು ಕಡಿಮೆ ನಮ್ಮ ಆಂಬೊಡೆಯೇ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ನಮ್ಮದು ಮೂಡಿಗೆರೆ ಕಡೆ. ಕಾಫಿ ಹಣ್ಣಿನ ಕಾಲ, ಮಾತು ಅದೇ. ‘ಕೂಲಿಯವರು ಸಿಗಲಿಲ್ವಾ? ಈಗ ಕೂಲಿ ಎಷ್ಟಮ್ಮ? ಕೂಲಿ ಜನಕ್ಕೆ ಅಷ್ಟು ಕೊಟ್ಟರೆ ತೋಟ ಉಳಿಯುತ್ತಾ?’ ಅಂತ ನಾನು ಮಾತಾಡುತ್ತಲೇ ಇದ್ದೆ. ಫೋನ್ ಇಟ್ಟು ತಿರುಗಿದರೆ ಅಜ್ಜಿ ಇರಲಿಲ್ಲ. ತಟ್ಟೆ ಅಲ್ಲೇ ಇತ್ತು.

ಮೂರು ವಾರ ಅವರು ನನ್ನ ಮುಖ ನೋಡಲಿಲ್ಲ. ಕೊನೆಗೆ ಅವರ ಸೊಸೆ ಬಂದು ಹೇಳಿದಳು. ಅಷ್ಟು ಹೊತ್ತಿನ ಕನ್ನಡದಲ್ಲಿ ಅಜ್ಜಿಗೆ ಅರ್ಥವಾದದ್ದು ಒಂದೇ ಒಂದು ಪದ. ಅವರ ಅಪ್ಪನನ್ನು ಕಬ್ಬಿನ ಗದ್ದೆಯಲ್ಲಿ ಕರೆಯುತ್ತಿದ್ದದ್ದು ಆ ಪದದಿಂದಲೇ, ಮಕ್ಕಳ ಎದುರಿಗೇ. ನಾನು ಓಡಿಹೋಗಿ, ನಮ್ಮ ಭಾಷೆಯಲ್ಲಿ ಕೂಲಿ ಅಂದರೆ ದಿನದ ಸಂಬಳ, ಬೈಗುಳ ಅಲ್ಲ ಅಂತ ಬಿಡಿಸಿ ಹೇಳಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು, ‘ಗೊತ್ತಾಯಿತು ಮಗಳೇ. ಆದರೂ ಈ ಮನೆಯಲ್ಲಿ ಬೇಡ’ ಅಂದರು.

ಅದಕ್ಕೇ ಹೇಳುವುದು. ಇಲ್ಲಿ ಫೋನಿನಲ್ಲಿ ಊರಿನವರ ಜೊತೆ ಮಾತಾಡುವಾಗಲೂ ‘ಕೆಲಸದವರು’ ಅನ್ನಿ, ‘ಸಂಬಳ’ ಅನ್ನಿ. ಆ ಪದದ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಅನ್ನುವುದನ್ನು ನಾನು ಆಮೇಲೆ ಕಲಿತೆ. ನೀವು ಬರುವ ಮೊದಲೇ ಕಲಿಯಿರಿ.

ಫ್ರೆಂಚರ ಕಾಲದಲ್ಲಿ ಮಡಗಾಸ್ಕರ್‌ನಿಂದ, ಆಫ್ರಿಕಾದ ಪೂರ್ವ ಕರಾವಳಿಯಿಂದ ಜನರನ್ನು ಹಿಡಿದು ತಂದು ಈ ದ್ವೀಪದಲ್ಲಿ ಗುಲಾಮರಾಗಿ ದುಡಿಸಿದರು. 1810ರಲ್ಲಿ ದ್ವೀಪ ಬ್ರಿಟಿಷರ ಕೈಗೆ ಬಂತು. 1835ರ ಫೆಬ್ರವರಿ 1ಕ್ಕೆ ಗುಲಾಮಗಿರಿ ನಿಂತಿತು. ಆಗ ಪರಿಹಾರದ ಹಣ, 20 ಲಕ್ಷ ಪೌಂಡಿಗೂ ಜಾಸ್ತಿ, ಹೋದದ್ದು ಯಾರಿಗೆ ಗೊತ್ತಾ? ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ, ಒಂದು ಗುಂಟೆ ನೆಲವೂ ಇಲ್ಲ. ಬಿಡುಗಡೆ ಅಂದಮೇಲೂ ಕೆಲವು ವರ್ಷ ಅದೇ ಮಾಲೀಕರ ಹತ್ತಿರ ಕಡ್ಡಾಯವಾಗಿ ದುಡಿಯಬೇಕಿತ್ತು. ಅದು ಮುಗಿದಾಗ ಬಹಳ ಜನ ಕಬ್ಬಿನ ಗದ್ದೆಯ ಕಡೆ ತಿರುಗಿಯೂ ನೋಡಲಿಲ್ಲ, ಸಮುದ್ರದ ದಂಡೆಗೆ ಹೋಗಿ ಮೀನು ಹಿಡಿದು ಬದುಕಿದರು.

ಅವರ ಜಾಗ ತುಂಬಲು ನಮ್ಮವರನ್ನು ತರುವುದು ಬಿಡುಗಡೆಗೂ ಮೊದಲೇ ಶುರುವಾಗಿತ್ತು. 1834ರ ನವೆಂಬರ್ 2ಕ್ಕೆ ‘ಅಟ್ಲಾಸ್’ ಅನ್ನುವ ಹಡಗಿನಲ್ಲಿ ಕಲ್ಕತ್ತಾದಿಂದ 36 ಜನ ಬಂದಿಳಿದರು. ಆಮೇಲೆ 20ನೇ ಶತಮಾನದ ಆರಂಭದ ತನಕ ಬಂದವರು ಸುಮಾರು 4.5 ಲಕ್ಷ. ಬಿಹಾರದ ಭೋಜಪುರಿಯವರು, ತಮಿಳರು, ತೆಲುಗರು, ಮರಾಠಿಗರು. ತಿಂಗಳಿಗೆ 5 ರೂಪಾಯಿ ಸಂಬಳ, ಐದು ವರ್ಷದ ಕರಾರು. ಒಂದು ದಿನ ಕೆಲಸ ತಪ್ಪಿದರೆ ಎರಡು ದಿನದ ಸಂಬಳ ಕಟ್. ಕರಾರು ಮುಗಿದಮೇಲೂ ಜೇಬಿನಲ್ಲಿ ಪಾಸ್ ಇಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದರೆ ಅಲೆಮಾರಿ ಅಂತ ಹಿಡಿದು ಒಳಗೆ ಹಾಕುತ್ತಿದ್ದರು.

ಇದನ್ನೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. ನೀವು ದಿನಾ ಆಫೀಸಿಗೆ ಹೋಗುವ ದಾರಿಯಲ್ಲೇ ಅದು ಇದೆ. ಕಬ್ಬಿನ ಗದ್ದೆಯ ನಡುವೆ ಕಪ್ಪು ಕಲ್ಲಿನ ದೊಡ್ಡ ದೊಡ್ಡ ರಾಶಿಗಳು ಕಾಣುತ್ತವೆ. ಗುಲಾಮರು, ಆಮೇಲೆ ಕರಾರಿನ ಕೆಲಸಗಾರರು ನೆಲ ಹಸನು ಮಾಡುವಾಗ ಕೈಯಿಂದ ಹೆಕ್ಕಿ ಒಟ್ಟಿದ ಕಲ್ಲುಗಳು ಅವು. ಕೆಲವು ಊರಿನ ಹೆಸರಲ್ಲಿ ‘ಕ್ಯಾಂಪ್’ ಅಂತ ಇನ್ನೂ ಉಳಿದಿದೆ, ನಮ್ಮ ಕಡೆ ತೋಟದ ಕೆಲಸದವರ ಸಾಲು ಮನೆಗೆ ಲೈನ್ ಮನೆ ಅಂದ ಹಾಗೆ. ಬಡಾವಣೆಗೆ ಇಲ್ಲಿ ‘ಮೊರ್ಸೆಲ್‌ಮಾ’ ಅನ್ನುತ್ತಾರೆ. ಅಂದರೆ ತುಂಡು ಮಾಡಿದ್ದು. 19ನೇ ಶತಮಾನದ ಕೊನೆಗೆ ಸಕ್ಕರೆ ಬೆಲೆ ಬಿದ್ದಾಗ ಮಾಲೀಕರು ಜಮೀನನ್ನು ತುಂಡು ಮಾಡಿ ಮಾರಿದರು, ಕರಾರು ಮುಗಿಸಿದ ಭಾರತದವರು ಕಾಸಿಗೆ ಕಾಸು ಕೂಡಿಸಿ ಕೊಂಡರು. ಇಂದಿನ ಎಷ್ಟೋ ಡಾಕ್ಟರ್, ವಕೀಲರ ಮನೆತನದ ಕಥೆ ಶುರುವಾಗುವುದೇ ಅಂಥ ಒಂದು ತುಂಡು ನೆಲದಿಂದ. ಗುಲಾಮರ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ತುಂಡೂ ಸಿಗಲಿಲ್ಲ. ಒಳ್ಳೆಯ ದೊಡ್ಡ ಜಮೀನು ಮಾತ್ರ ಇವತ್ತಿಗೂ ಬಹುಪಾಲು ಹಳೇ ಫ್ರೆಂಚ್ ಮನೆತನಗಳ ಕಂಪನಿಗಳ ಹತ್ತಿರವೇ ಇದೆ. ಈಗ ಕಬ್ಬು ತೆಗೆದು ವಿಲ್ಲಾ ಕಟ್ಟುತ್ತಿದ್ದಾರೆ.

ನನ್ನ ಎರಡನೇ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಯಾಕೆಂದರೆ ಅದು ತಪ್ಪು ಅಂತ ನನಗೆ ವರ್ಷಗಟ್ಟಲೆ ಗೊತ್ತೇ ಆಗಲಿಲ್ಲ. ನನಗೆ ಬಾಡಿಗೆ ಮನೆ ಎರಡೇ ದಿನದಲ್ಲಿ ಸಿಕ್ಕಿತ್ತು. ಮಾಲೀಕರು ನನ್ನ ಹೆಸರು ಕೇಳಿದರು, ಹಣೆಯ ಕುಂಕುಮ ನೋಡಿದರು, ‘ನಮ್ಮವರೇ’ ಅಂದರು. ಎಷ್ಟು ಒಳ್ಳೆಯ ಜನ ಅಂತ ಅಮ್ಮನಿಗೆ ಹೇಳಿ ಕುಣಿದಾಡಿದ್ದೆ. ನನ್ನಷ್ಟೇ ಸಂಬಳ ತರುತ್ತಿದ್ದ, ಈ ನೆಲದಲ್ಲೇ ಹುಟ್ಟಿದ ಕ್ರಿಯೋಲ್, ಅಂದರೆ ಗುಲಾಮರ ವಂಶದ, ಗೆಳತಿಯೊಬ್ಬಳು ಅದೇ ರಸ್ತೆಯಲ್ಲಿ ಎರಡು ತಿಂಗಳು ಅಲೆದಳು. ಖಾಲಿ ಮನೆಗಳೆಲ್ಲ ಅವಳು ಹೋದ ತಕ್ಷಣ ‘ಆಗಲೇ ಕೊಟ್ಟಾಯಿತು’. ಅವಳು ಹೇಳಿದಾಗ ನಾನು, ‘ಛೆ, ನಿನ್ನ ಅದೃಷ್ಟ ಸರಿಯಿಲ್ಲ’ ಅಂದೆ. ಆ ಮಾತು ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಾವು ವಿಮಾನದಲ್ಲಿ ಬಂದಿಳಿದವರು. ಆದರೂ ಇಲ್ಲಿನ ಕಬ್ಬು ಹಾಕಿಟ್ಟ ಮೆಟ್ಟಿಲು ಒಂದಿದೆ, ಅದರ ಮೇಲೆ ನಮಗೊಂದು ಜಾಗ ಮೊದಲೇ ಸಿದ್ಧವಾಗಿರುತ್ತದೆ. ಸಂವಿಧಾನದಲ್ಲೇ ಜನರನ್ನು ನಾಲ್ಕು ಗುಂಪು ಮಾಡಿದ್ದಾರೆ. ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಉಳಿದವರೆಲ್ಲ ‘ಸಾಮಾನ್ಯ ಜನ’. ಗುಲಾಮರ ಮೊಮ್ಮಕ್ಕಳನ್ನೂ ಅವರ ಮಾಲೀಕರ ಮೊಮ್ಮಕ್ಕಳನ್ನೂ ಸೇರಿಸಿರುವುದು ಆ ಕೊನೆಯ ಗುಂಪಿಗೇ. ಜಾತಿಯೂ ಹಡಗು ಹತ್ತಿ ಬಂದಿದೆ. ಮದುವೆ, ಚುನಾವಣೆ ಬಂದಾಗ ತಲೆ ಎತ್ತುತ್ತದೆ. ಹಾಗಾಗಿ ನಾವು ಊರಲ್ಲಿ ಸುಮ್ನೆ ಮಾತಿಗೆ ಕೇಳುವ ‘ನೀವು ಯಾವ ಜನ?’ ಅನ್ನುವುದನ್ನು ಇಲ್ಲಿ ದಯವಿಟ್ಟು ಕೇಳಬೇಡಿ. ‘ನಿಮ್ಮ ಹಿಂದಿ ಸರಿಯಿಲ್ಲ’ ಅಂತಲೂ ತಿದ್ದಬೇಡಿ. ಹೆಸರು ವಿಚಿತ್ರವಾಗಿದೆ ಅಂತ ನಗಬೇಡಿ, ಹಡಗಿನಿಂದ ಇಳಿದವರ ಹೆಸರನ್ನು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದುಕೊಂಡರು, ಅದೇ ಮನೆತನದ ಹೆಸರಾಗಿ ನಿಂತಿತು. ಬದಲಿಗೆ ನಾಲ್ಕು ಮಾತು ಕ್ರಿಯೋಲ್ ಕಲಿಯಿರಿ. ‘ಕಿ ಮನ್ಯೇರ್?’ ಅಂದರೆ ಹೇಗಿದ್ದೀರಿ. ಗುಲಾಮರ ಬಾಯಲ್ಲಿ ಹುಟ್ಟಿದ ಭಾಷೆ ಅದು. ಇಲ್ಲಿ ಎಲ್ಲ ಗುಂಪಿನವರೂ ಮನೆಯಲ್ಲಿ, ಬೀದಿಯಲ್ಲಿ ಆಡುವುದು ಅದನ್ನೇ. ಶಾಲೆಯಲ್ಲಿ ಅದಕ್ಕೊಂದು ಪಾಠ ಸಿಕ್ಕಿದ್ದು ಮಾತ್ರ 2012ರಲ್ಲಿ.

ಶಾಲೆ ಅಂದಾಗ ಮಕ್ಕಳ ವಿಷಯ. ಹಿಂದಿ, ತಮಿಳು, ತೆಲುಗು, ಮರಾಠಿ, ಉರ್ದು ಎಲ್ಲ ಕಲಿಸುತ್ತಾರೆ. ಕನ್ನಡ ಇಲ್ಲ. ನನ್ನ ಮಗಳು ತೆಲುಗು ತೆಗೆದುಕೊಂಡಳು, ಲಿಪಿ ಹತ್ತಿರ ಅಂತ. ಯುಗಾದಿಗೆ ಇಲ್ಲಿ ಸರ್ಕಾರಿ ರಜೆ ಇದೆ, ತೆಲುಗಿನವರ ದಯೆಯಿಂದ. ಆ ದಿನ ಅವರ ಗುಡಿಯಲ್ಲಿ ಬೇವು ಬೆಲ್ಲ ತಿನ್ನುವಾಗ ನನಗೆ ಗಂಟಲು ಕಟ್ಟುತ್ತದೆ. ಐದಾರು ತಲೆಮಾರು ದಾಟಿದರೂ ಅವರು ಹಬ್ಬ ಉಳಿಸಿಕೊಂಡಿದ್ದಾರೆ. ನನ್ನ ಮಗಳು ಒಂದೇ ತಲೆಮಾರಿಗೆ ‘ಅಜ್ಜಿ, ಹೇಗಿದ್ದೀರ?’ ಆದಮೇಲೆ ಮುಂದಿನ ವಾಕ್ಯಕ್ಕೆ ತಡವರಿಸುತ್ತಾಳೆ.

ಊರಿಂದ ಯಾರಾದರೂ ಬಂದರೆ ಎಲ್ಲರೂ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ತೋರಿಸುತ್ತಾರೆ. ತೋರಿಸಲೇಬೇಕು. ಹಡಗಿನಿಂದ ಇಳಿದವರು ಹತ್ತಿದ 16 ಮೆಟ್ಟಿಲು ಅಲ್ಲಿವೆ. ಆದರೆ ನನ್ನ ಹಾಗೆ ಅಲ್ಲಿಂದಲೇ ವಾಪಸ್ ಬರಬೇಡಿ. ಹತ್ತಿರದಲ್ಲೇ ಹಳೇ ಮಿಲಿಟರಿ ಆಸ್ಪತ್ರೆಯಲ್ಲಿ 2023ರಿಂದ ಗುಲಾಮಗಿರಿಯ ಮ್ಯೂಸಿಯಂ ಇದೆ. ಓಡಿಹೋದ ಗುಲಾಮರು ಅಡಗಿದ್ದ ಲ ಮೊರ್ನ್ ಬೆಟ್ಟಕ್ಕೆ ಫೆಬ್ರವರಿ 1ಕ್ಕೆ ಹೋಗಿ. ನಾನು ಅಲ್ಲಿಗೆ ಹೋದದ್ದು ಒಂಬತ್ತು ವರ್ಷ ಆದಮೇಲೆ.

ಕಳೆದ ವರ್ಷ ಅಪ್ಪ ಬಂದಿದ್ದರು. ಅವರು ಕಾಫಿ ತೋಟದಲ್ಲಿ 28 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದವರು. ಘಾಟ್‌ನಲ್ಲಿ ಹಳೇ ದಾಖಲೆಗಳ ಮುಂದೆ ತುಂಬಾ ಹೊತ್ತು ನಿಂತರು. ನಂಬರು, ಹೆಸರು, ಊರು, ಜಾತಿ, ಎತ್ತರ. ಹೊರಗೆ ಬಂದು ಮೆಟ್ಟಿಲ ಹತ್ತಿರ ಕೂತರು.

‘ಪುಟ್ಟಿ, ನಾನೂ ಹಾಜರಿ ಪುಸ್ತಕ ಬರೆದೆ. ಮುಂಗಡ ತೀರುವ ತನಕ ಯಾರನ್ನೂ ಊರಿಗೆ ಬಿಡುತ್ತಿರಲಿಲ್ಲ ನಾವು’ ಅಂದರು. ಸ್ವಲ್ಪ ಹೊತ್ತಿನ ಮೇಲೆ, ‘ಲೈನ್ ಮನೆಯಿಂದ ಒಂದು ಹುಡುಗಿ ನಿನ್ನ ಜೊತೆ ಒಂದನೇ ಕ್ಲಾಸಿಗೆ ಬರುತ್ತಿದ್ದಳಲ್ಲ, ಆಮೇಲೆ ಬಿಡಿಸಿದರು. ಅವಳ ಹೆಸರೇನು?’ ಅಂತ ಕೇಳಿದರು.

ಅವಳ ಹಸಿರು ರಿಬ್ಬನ್ ನನಗೆ ನೆನಪಿತ್ತು. ಹೆಸರು ನೆನಪಾಗಲಿಲ್ಲ.